ಗೂಡೆ ಕೆಳಗಿನ ಬಸ್ಸಿನಲ್ಲಿ ಹೋಯಿತು

ಓದುಗರಲ್ಲಿ ಮೊದಲೇ ಒಂದು ವಿನಂತಿ. ಈ ಬರಹದಲ್ಲಿ ದೋಷಗಳು ಕಂಡರೆ ದಯವಿಟ್ಟು ಮನ್ನಿಸಬೇಕು. ಹಾಸನದ ಕಡೆಯಿಂದ ಬಂದು ಕುಶಾಲನಗರದ ಬಳಿ ನೆಲೆಸಿದ ಬೇಸಾಯದ ಮನೆ ನಮ್ಮದು. ಆ ಮನೆಯಲ್ಲಿ ಪದವಿ ಪಡೆದ ಮೊದಲಿಗಳು ನಾನು. ನಮ್ಮ ಒಲೆಯ ಮೇಲೆ ಉಕ್ಕುತ್ತಿದ್ದದ್ದು ಹಾಲಲ್ಲ, 'ಆಲು'. ಹಕಾರವನ್ನು ನಾನು ಶಾಲೆಯಲ್ಲಿ ಕಲಿತೆ; ಕಲಿತದ್ದು ಎಲ್ಲಿ ಕೈಬಿಟ್ಟುಹೋಗುವುದೋ ಎಂಬ ಅಳುಕಿನಿಂದ ಇಂದಿಗೂ ಬರೆದ ವಾಕ್ಯವನ್ನು ಗಟ್ಟಿಯಾಗಿ ಓದಿ ನೋಡದೆ ಮುಂದಿನದಕ್ಕೆ ಹೋಗುವುದಿಲ್ಲ. ಇಷ್ಟು ಎಚ್ಚರ ವಹಿಸಿದರೂ ತಪ್ಪಿಸಲಾಗದ ಇನ್ನೊಂದು ದೋಷ ಇಲ್ಲಿದೆ. ನಮ್ಮ ಅತ್ತಿಗೆಯವರ ವಿಷಯ ಬಂದಾಗಲೆಲ್ಲ ನನ್ನ ಬರವಣಿಗೆ ಸ್ವಲ್ಪ ಬಿಗಿಯಾಗುತ್ತದೆ. ಸಡಿಲಿಸಲು ಪ್ರಯತ್ನಿಸಿದ್ದೇನೆ, ಆಗಿಲ್ಲ.

ವಿಷಯ ನನ್ನ ಸೋದರತ್ತೆಯದು, ಅಂದರೆ ಅಪ್ಪನ ಒಬ್ಬಳೇ ತಂಗಿಯದು. ನಾನು ಹುಟ್ಟುವುದಕ್ಕೆ ಬಹಳ ಹಿಂದೆ ಅವರು ಸಂಪಾಜೆಯಲ್ಲಿ ಕಾಣೆಯಾದರು. ಆಗ ಅಪ್ಪ ಮದುವೆಯಾಗದ ತರುಣ. ಸೋದರತ್ತೆ ಅವರಿಗಿಂತ ಸ್ವಲ್ಪ ಚಿಕ್ಕವರು. ಅಣ್ಣತಂಗಿ ಇಬ್ಬರೂ ಅಲ್ಲಿನ ಒಂದು ರಬ್ಬರ್ ತೋಟದಲ್ಲಿ ಕೆಲಸಕ್ಕಿದ್ದು, ಊರಿಗೆ ಮರಳುವ ದಿನ ಪಾತ್ರೆ ಬಟ್ಟೆಗಳನ್ನೆಲ್ಲ ಒಂದು ಗೂಡೆಗೆ ತುಂಬಿಕೊಂಡು ಬಸ್ಸು ನಿಲ್ಲುವಲ್ಲಿಗೆ ಬಂದರು. ಗೂಡೆ ಎಂದರೆ ನಮ್ಮ ಕಡೆ ಬಿದಿರಿನ ದೊಡ್ಡ ಬುಟ್ಟಿ. ತಂಗಿಯನ್ನೂ ಗೂಡೆಯನ್ನೂ ಚಹಾ ಅಂಗಡಿಯ ಜಗಲಿಯ ಮೇಲೆ ಕೂರಿಸಿ, ತೋಟದ ಲೆಕ್ಕ ಬರೆಯುವ ರೈಟರಿಗೆ ಹೇಳಿ ಬರುತ್ತೇನೆಂದು ಅಪ್ಪ ಹೋದರು. ಮರಳಿ ಬಂದಾಗ ಜಗಲಿ ಬರಿದಾಗಿತ್ತು. ಅಂಗಡಿಯ ಅಜ್ಜಿಯನ್ನು ಕೇಳಿದರು. ಆಕೆ ಹೇಳಿದ್ದು ಒಂದೇ ಮಾತು: ಗೂಡೆ ಕೆಳಗಿನ ಬಸ್ಸಿನಲ್ಲಿ ಹೋಯಿತು.

ಕೆಳಗಿನ ಬಸ್ಸೆಂದರೆ ಸುಳ್ಯದ ಕಡೆಗೆ ಘಟ್ಟ ಇಳಿಯುವ ಬಸ್ಸು. ಯಾರೋ ತಪ್ಪಿ ಬುಟ್ಟಿಯನ್ನು ಅದಕ್ಕೆ ಹೇರಿದ್ದಾರೆ, ತಂಗಿ ಗಾಬರಿಯಾಗಿ ಎಲ್ಲೋ ಓಡಿದ್ದಾಳೆ ಎಂದು ಅಪ್ಪ ತಿಳಿದರು. ಕಾಡು ಹುಡುಕಿದರು, ಹೊಳೆ ಹುಡುಕಿದರು, ಮಡಿಕೇರಿಯವರೆಗೂ ರಸ್ತೆಯ ಅಂಚಿನಲ್ಲಿ ಕೂಗುತ್ತ ನಡೆದರು. ಕೆಳಗೆ ಮಾತ್ರ ಇಳಿಯಲಿಲ್ಲ. ಏಕೆ ಇಳಿಯಲಿಲ್ಲವೆಂದು ನಾನು ದೊಡ್ಡವಳಾದ ಮೇಲೆ ಕೇಳಿದ್ದೆ. "ತಂಗಿನೇ ಇಲ್ದಿದ್ಮೇಲೆ ಗೂಡೆ ಕಟ್ಕಂಡು ಏನವ್ವ ಮಾಡ್ಲಿ? ಹೋದ್ರೆ ಹೋಗ್ಲಿ ಅಂದೆ," ಎಂದಿದ್ದರು.

ಊರಿಗೆ ಬಂದು ದೂರು ಕೊಡುವಾಗಲೂ ಅವರು ನಡೆದದ್ದನ್ನು ನಡೆದಂತೆಯೇ ಹೇಳಿದರು. ತಂಗಿ ಇಲ್ಲ, ಗೂಡೆ ಕೆಳಗಿನ ಬಸ್ಸಿನಲ್ಲಿ ಹೋಯಿತಂತೆ. ಅಲ್ಲಿಂದ ಅವರ ಹೆಸರು ಕೆಟ್ಟಿತು. "ಹೆತ್ತವ್ವನ ಹೊಟ್ಟೆಲಿ ಹುಟ್ಟಿದ ತಂಗಿ ಹೋದ್ರೂ ಅಳ್ನಿಲ್ಲ, ಗೂಡೆ ಲೆಕ್ಕ ಹೇಳ್ತಾವ್ನೆ" ಎಂದು ಊರು ಆಡಿಕೊಂಡಿತು. ನಗು ಹಳೆಯದಾದಂತೆ ಸಂಶಯವಾಯಿತು. ತಂಗಿಯನ್ನು ಹೊಳೆಗೆ ನೂಕಿ ಬಂದು ಬುಟ್ಟಿಯ ಕಥೆ ಕಟ್ಟಿದ್ದಾನೆ ಎಂದರು. ಯಾರೂ ಎದುರಿಗೆ ಹೇಳಲಿಲ್ಲ. ಹೇಳಿದ್ದರೆ ಉತ್ತರ ಕೊಡಬಹುದಿತ್ತು. ನಮ್ಮ ಶುಂಠಿ ಹೊಲಕ್ಕೆ ಕೆಲಸಕ್ಕೆ ಬರುವ ಹೆಂಗಸರು ಒಬ್ಬೊಬ್ಬರಾಗಿ ಎಂದೂ ಬರುತ್ತಿರಲಿಲ್ಲ. ಶಾಲೆಯಲ್ಲಿ ನನ್ನನ್ನು 'ಗೂಡೆ ಮಗಳು' ಎನ್ನುತ್ತಿದ್ದರು. ಆ ಪದವನ್ನು ನಾನು ಎಷ್ಟು ದ್ವೇಷಿಸುತ್ತಿದ್ದೆನೆಂದರೆ, ಮನೆಯಲ್ಲಿ ಬುಟ್ಟಿ ಬೇಕಾದರೆ ಕೈಯಲ್ಲಿ ತೋರಿಸಿ ಕೇಳುತ್ತಿದ್ದೆ.

ಮೈಸೂರಿನಲ್ಲಿ ಪದವಿಗೆ ಸೇರಿದಾಗ ಅಪರಾಧಶಾಸ್ತ್ರವನ್ನು ಆರಿಸಿಕೊಂಡದ್ದು ಈ ಕಾರಣಕ್ಕೆ. ಅಪ್ಪನ ಮೇಲಿನ ಕಳಂಕವನ್ನು ತೊಳೆಯುವವಳು ನಾನೇ ಆಗಬೇಕೆಂದು ನಿಶ್ಚಯಿಸಿದ್ದೆ. ಇದನ್ನು ಯಾರಿಗೂ ಹೇಳಿರಲಿಲ್ಲ. ಆದರೆ ಇದು ನನ್ನದು ಎಂಬ ಭಾವನೆ, ಹೊಲದ ಬದುವಿನಷ್ಟು ಸ್ಪಷ್ಟವಾಗಿ, ನನ್ನೊಳಗೆ ಇತ್ತು.

ಬದು ದಾಟಿ ಬಂದವರು ಅತ್ತಿಗೆ. ಅಣ್ಣ ಮದುವೆಯಾದದ್ದು ಸಂಪಾಜೆಯ ಕಡೆಯ, ಅರೆಭಾಷೆ ಎಂಬ ಅಲ್ಲಿನ ಕನ್ನಡವನ್ನು ಮನೆಮಾತಾಗಿ ಆಡುವ ಮನೆತನದ ಹೆಣ್ಣನ್ನು. ಅವರ ಅಜ್ಜ ಮೇಷ್ಟರು, ತಂದೆ ವಕೀಲರು, ಅವರೂ ಕಾನೂನು ಪದವೀಧರೆ. ಅರೆಭಾಷೆ, ತುಳು, ಕನ್ನಡ, ಮಲಯಾಳ, ಇಂಗ್ಲಿಷ್ ಎಲ್ಲವನ್ನೂ ಒಂದೇ ವಾಕ್ಯದಲ್ಲಿ ಕಲಸಿ ಮಾತನಾಡುತ್ತಿದ್ದರು, ಯಾರೂ ತಪ್ಪು ಹಿಡಿಯುತ್ತಿರಲಿಲ್ಲ. ನಾನು ಒಂದು ಒತ್ತಕ್ಷರ ಜಾರಿಸಿದರೆ ಬೆವರುತ್ತೇನೆ. ಅವರು ಇಡೀ ವ್ಯಾಕರಣವನ್ನೇ ಜಾರಿಸಿ ನಗುತ್ತಿದ್ದರು, ಅವ್ವನೂ ನಗುತ್ತಿದ್ದರು. ಅಪ್ಪ ಊಟಕ್ಕೆ ಕುಳಿತಾಗ ನಾನು ಬಡಿಸಿದರೆ "ಸಾಕು" ಎನ್ನುತ್ತಿದ್ದವರು, ಅತ್ತಿಗೆ ಬಡಿಸಿದರೆ "ಇನ್ನೊಂದ್ ಚೂರು ಆಕವ್ವ" ಎನ್ನತೊಡಗಿದರು. ಇಂಥವನ್ನು ಗಮನಿಸಬಾರದು. ಗಮನಿಸಿದೆ.

ನಾನು ಅತಿಥಿ ಉಪನ್ಯಾಸಕಿಯಾಗಿರುವ ಕಾಲೇಜಿನಲ್ಲಿ ಒಂದು ವಿಶೇಷ ಉಪನ್ಯಾಸ ಕೊಡುವಂತೆ ಕೇಳಿದ್ದರು. ವಿಷಯವನ್ನು ನಾನೇ ಆರಿಸಿದೆ: ಫ್ರಾನ್ಸ್ ದೇಶದ ಒಬ್ಬ ಸರಣಿ ಹಂತಕನ ಹಳೆಯ ಪ್ರಕರಣಗಳು ಬಹುಕಾಲದ ನಂತರ ಬಗೆಹರಿದ ಬಗೆ. ಬೇಸಿಗೆಯ ರಜೆಯನ್ನೆಲ್ಲ ಅದಕ್ಕೆ ವಿನಿಯೋಗಿಸಿದೆ. ಒಂದು ಭಾನುವಾರ ಮಧ್ಯಾಹ್ನ, ಅಂಗಳದ ಚಪ್ಪರದಡಿಯಲ್ಲಿ ಮನೆಯವರೆಲ್ಲ ಬಿತ್ತನೆಯ ಶುಂಠಿಯನ್ನು ಮೊಳಕೆಯ ಕಣ್ಣು ನೋಡಿ ಮುರಿಯುತ್ತ ಕುಳಿತಿದ್ದಾಗ, ಅಭ್ಯಾಸಕ್ಕೆಂದು ಉಪನ್ಯಾಸವನ್ನು ನಿಂತು ಓದಿದೆ.

ಸಾರಾಂಶ ಇಷ್ಟು. ಆ ಮನುಷ್ಯ ಅನೇಕ ಯುವತಿಯರನ್ನೂ ಬಾಲಕಿಯರನ್ನೂ ಕೊಂದಿದ್ದ. ಕೆಲವು ಕೊಲೆಗಳಿಗೆ ಶಿಕ್ಷೆಯಾಗಿ ಸೆರೆಯಲ್ಲಿದ್ದರೂ ಇನ್ನು ಕೆಲವು ಪ್ರಕರಣಗಳು ಹಾಗೆಯೇ ತಣ್ಣಗೆ ಉಳಿದಿದ್ದವು. ಅವುಗಳಲ್ಲಿ ಒಂದು, ಶಾಲೆಯಿಂದ ಮನೆಗೆ ಬರುತ್ತಿದ್ದ ಒಬ್ಬ ಹುಡುಗಿಯದು. ಆ ಸಂಜೆ ತಾನು ದೂರದ ತನ್ನ ಮನೆಯಲ್ಲಿದ್ದೆ, ಅಲ್ಲಿಂದ ಮಗನಿಗೆ ಹುಟ್ಟುಹಬ್ಬದ ಹಾರೈಕೆಗೆ ಫೋನು ಮಾಡಿದ್ದೆ ಎಂದು ಅವನು ವಾದಿಸಿದ್ದ. ಕರೆ ಹೋದದ್ದಕ್ಕೆ ದಾಖಲೆಯಿತ್ತು. ಹೀಗಾಗಿ ವರ್ಷಗಳು ಕಳೆದವು. ಹುಡುಗಿಯ ತಂದೆ ಮಾತ್ರ ಕೇಳುವುದನ್ನು ಬಿಡಲಿಲ್ಲ. ಕೊನೆಗೆ ಹಳೆಯ ಕಡತಗಳನ್ನು ಒಬ್ಬ ಮಹಿಳಾ ನ್ಯಾಯಾಧೀಶೆ ಮತ್ತೆ ತೆರೆದರು. ಅವನ ಕೊಲೆಗಳಲ್ಲಿ ಪಾಲುಗಾರ್ತಿಯೆಂದು ಸೆರೆಯಲ್ಲಿದ್ದ ಅವನ ಮಾಜಿ ಪತ್ನಿಯನ್ನು, ಅವನ ನೆರಳೆಂದಲ್ಲದೆ ಒಬ್ಬ ಪ್ರತ್ಯೇಕ ವ್ಯಕ್ತಿಯೆಂದು ಕೂರಿಸಿ ಮಾತನಾಡಿಸಿದರೆಂದು ನಾನು ಓದಿದ ವರದಿಗಳು ಹೇಳುತ್ತವೆ. ಆಕೆ ಹೇಳಿದಳು: ಫೋನು ಹೋದದ್ದು ನಿಜ, ಮಾಡಿದವಳು ನಾನು, ಅವನ ಅಪ್ಪಣೆಯಂತೆ. ಅಲ್ಲಿಗೆ ಅವನ ಸಮರ್ಥನೆ ಕುಸಿಯಿತು, ಅವನೂ ಒಪ್ಪಿಕೊಂಡ. ತೀರಿಹೋಗಿದ್ದ ಅವನ ಸೋದರಿಯ ಮನೆಯಲ್ಲಿದ್ದ ಒಂದು ಹಾಸಿಗೆಯನ್ನು ಹೊಸ ವಿಧಾನದಿಂದ ಪರೀಕ್ಷಿಸಿದಾಗ ಆ ಹುಡುಗಿಯ ಡಿಎನ್‌ಎ ಕುರುಹು ದೊರೆಯಿತು. ದೇಹ ಮಾತ್ರ ಸಿಗಲಿಲ್ಲ.

ಓದಿ ಮುಗಿಸಿದೆ. ಅವ್ವ ಸೆರಗಿನಲ್ಲಿ ಕೈ ಒರೆಸಿಕೊಂಡು, "ಥೂ, ಕೆಟ್ಟ್ ಮುಂಡೇಮಗ. ಅವ್ಳಾದ್ರೂ ಎಂಥ ಎಂಗ್ಸು, ಇಷ್ಟು ವರ್ಸ ಬಾಯ್ಗೆ ಕಡುಬು ತುರುಕ್ಕಂಡಿದ್ಲಾ?" ಎಂದರು.

"ಯಾರೂ ಸರ್ಯಾಗಿ ಕೇಳಿರ್ಲಿಲ್ವಂತಲ್ಲ ಕಣೆ," ಎಂದರು ಅಪ್ಪ.

ಅಣ್ಣ ನನ್ನತ್ತ ನೋಡಿ, "ಚೆನ್ನಾಗದೆ. ಆದ್ರೆ 'ವಿನಿಯೋಗ', 'ಸಮರ್ಥನೆ' ಅಂತೆಲ್ಲ ಅಂದ್ರೆ ಹುಡುಗ್ರು ನಿದ್ದೆ ಒಡೀತವೆ," ಎಂದ. ಅತ್ತಿಗೆ ಶುಂಠಿಯ ಚೂರೊಂದನ್ನು ಅವನಿಗೆ ಎಸೆದು, "ಪಾಪ, ಮೇಡಮ್ಮೋರು ಕಷ್ಟಪಟ್ಟು ಬರೆದಿದ್ದಾರೆ, ನೀವು ಸುಮ್ಮನಿರಿ ಮಾರಾಯ್ರೇ," ಎಂದರು. ನನ್ನ ಪರವಾಗಿ ಮಾತನಾಡಿದ್ದು ನನಗೆ ಇನ್ನಷ್ಟು ಚುಚ್ಚಿತು.

ಆಮೇಲೆ ಅವರು ಅಪ್ಪನ ಕಡೆ ತಿರುಗಿ, ಉಪ್ಪಿನಕಾಯಿ ಬೇಕೇ ಎಂದು ಕೇಳುವಷ್ಟು ಸಹಜವಾಗಿ, "ಮಾವ, ನಿಮ್ಮನ್ನ ಯಾರಾದ್ರೂ ಸರಿಯಾಗಿ ಕೇಳಿದ್ರಾ?" ಎಂದರು.

ಮದುವೆಗೆ ಮುಂಚೆ ಅವರ ಮನೆಯವರಿಗೆ ಊರಿನ ಮಾತು ಹೇಗೋ ತಲುಪಿತ್ತೆಂದು ನಮಗೆ ಗೊತ್ತಿತ್ತು. ಆದರೆ ಅಂಗಳದಲ್ಲಿ ಹೀಗೆ ಯಾರೂ ಎತ್ತಿರಲಿಲ್ಲ. ಅವ್ವ ಶುಂಠಿ ಮುರಿಯುವುದನ್ನು ನಿಲ್ಲಿಸಿದರು. ಅಪ್ಪ ಮಾತ್ರ ನಿಲ್ಲಿಸಲಿಲ್ಲ. ಕೈ ಕೆಲಸ ಮಾಡುತ್ತಿದ್ದಂತೆಯೇ ಹೇಳತೊಡಗಿದರು. ರಬ್ಬರ್ ತೋಟ, ರೈಟರು, ಜಗಲಿ. ನನಗೆ ಕಂಠಪಾಠವಾಗಿದ್ದ ಕಥೆ. ಚಹಾ ಅಂಗಡಿಯ ಅಜ್ಜಿಯ ಮಾತಿಗೆ ಬಂದಾಗ ಅವರ ಮುಖದ ಮೇಲೆ ಸಣ್ಣ ನಗು ಬಂತು. ಸೊಸೆ ಆ ಸೀಮೆಯವಳಲ್ಲವೇ, ಅಜ್ಜಿಯ ದನಿಯನ್ನೇ ಅನುಕರಿಸಿದರು.

"ನಿಮ್ಮ್ ಕಡೆ ಮುದ್ಕಿ ಕಣವ್ವ, ನಿನ್ನಂಗೇ ಎಳ್ದು ಎಳ್ದು ಅಂದ್ಲು. 'ಗೂಡೆ ಕೆಳಗಿನ ಬಸ್ಲಿ ಹೋತ್' ಅಂತ."

ಅತ್ತಿಗೆಯ ಕೈಯಲ್ಲಿದ್ದ ಶುಂಠಿ ಹಾಗೆಯೇ ನಿಂತಿತು. "ಇನ್ನೊಮ್ಮೆ ಹೇಳಿ ಮಾವ."

"ಗೂಡೆ ಕೆಳಗಿನ ಬಸ್ಲಿ ಹೋತ್."

"ಮಾವ, ಅವರು ಬುಟ್ಟಿ ಹೋಯ್ತು ಅಂತ ಹೇಳಿದ್ದಲ್ಲ. ನಮ್ಮಲ್ಲಿ ಗೂಡೆ ಅಂದ್ರೆ ಹುಡುಗಿ. ನನ್ನ ಅಜ್ಜಿ ನನ್ನನ್ನ ಕರೀತಿದ್ದದ್ದೇ ಹಾಗೆ, 'ಏ ಗೂಡೆ, ಇಲ್ಲಿ ಬಾ' ಅಂತ."

"ಹುಡುಗಿ ಆದ್ರೆ ಹೋದ್ಲು ಅನ್ಬೇಕಲ್ವವ್ವ? ಹೋತ್ ಅಂದ್ಲು."

"ನಮ್ಮ ಭಾಷೆಲಿ ಹೆಣ್ಣಿಗೂ ಹಾಗೇ ಹೇಳೋದು ಮಾವ. ನಾನು ಬಂದ್ರೂ 'ಬಾತ್', ಹೋದ್ರೂ 'ಹೋತ್'."

ಅಪ್ಪ ಕೈಯಲ್ಲಿದ್ದುದನ್ನು ಕೆಳಗಿಟ್ಟರು. ಎಲ್ಲರ ಮುಖವನ್ನೂ ಒಂದೊಂದಾಗಿ ನೋಡಿದರು. ಯಾರಾದರೂ ಅಲ್ಲವೆನ್ನಲಿ ಎಂದೋ, ಹೌದೆನ್ನಲಿ ಎಂದೋ ತಿಳಿಯಲಿಲ್ಲ. "ಹಂಗಾದ್ರೆ ನಮ್ಮ್ ಪಾಪ ಕೆಳಕ್ಕೆ ಹೋಯ್ತಾ?" ಎಂದು ಕೇಳಿದರು. ಅಷ್ಟು ವರ್ಷಗಳ ನಂತರವೂ ಅವರು ತಂಗಿಯನ್ನು, ಎಳೆಗೂಸನ್ನು ಕರೆಯುವಂತೆ, 'ಪಾಪ' ಎಂದೇ ಕರೆದರು.

ಅತ್ತಿಗೆ ನನ್ನ ತೋಳು ಹಿಡಿದು, "ನೀನೇ ಓದಿದೆಯಲ್ಲ ಈಗ! ಫೋನು ಹೋದದ್ದು ನಿಜ, ಮಾಡಿದವರು ಬೇರೆ. ಹಾಗೇ ಗೂಡೆ ಹೋದದ್ದೂ ನಿಜ, ಆದ್ರೆ ಗೂಡೆ ಬೇರೆ!" ಎಂದರು. ಅವರ ಕಣ್ಣುಗಳು ತುಂಬಿದ್ದವು. ನನ್ನವು ತುಂಬಲಿಲ್ಲ. ಅಪ್ಪನ ಮೇಲಿನ ಕಳಂಕ ಕರಗಲು ಆರಂಭಿಸಿದ ಆ ಕ್ಷಣದಲ್ಲಿ ನನ್ನ ಮನಸ್ಸಿನಲ್ಲಿದ್ದದ್ದು ಬೇರೆ. ನನ್ನ ಬೇಸಿಗೆಯ ರಜೆ, ನನ್ನ ಫ್ರಾನ್ಸು, ನನ್ನ ನ್ಯಾಯಾಧೀಶೆ, ಕೊನೆಗೆ ನನ್ನನ್ನು ಬಾಲ್ಯವಿಡೀ ಅಳಿಸಿದ ಆ ಪದ ಸಹ ಅವರದೇ ಆಗಿಹೋಯಿತಲ್ಲ ಎಂಬುದು. ಯಾವ ಪದದಿಂದ ನನ್ನನ್ನು ಹಂಗಿಸುತ್ತಿದ್ದರೋ ಅದೇ ಪದದಿಂದ ಅವರನ್ನು ಅವರ ಅಜ್ಜಿ ತೊಡೆಯ ಮೇಲೆ ಕೂರಲು ಕರೆಯುತ್ತಿದ್ದರು.

ಮರುವಾರವೇ ಹೊರಟೆವು. ಅತ್ತಿಗೆ ಕಾರು ಓಡಿಸಿದರು, ಅಪ್ಪ ಮುಂದೆ ಕುಳಿತರು, ನಾನು ಹಿಂದೆ. ಚಹಾ ಅಂಗಡಿ ಇದ್ದ ಜಾಗದಲ್ಲಿ ಈಗ ಒಂದು ಮನೆಯಿದೆ. ಅಜ್ಜಿ ಗತಿಸಿದ್ದರು, ಅವರ ಸೊಸೆ, ಈಗ ಅವರೂ ಮುದುಕಿ, ಬಾಗಿಲಲ್ಲಿ ನಿಂತಿದ್ದರು. ಈ ಭಾಗವನ್ನಾದರೂ ನಾನು ನಿರ್ವಹಿಸಬೇಕೆಂದು ದಾರಿಯುದ್ದಕ್ಕೂ ಪ್ರಶ್ನೆಯನ್ನು ಸಿದ್ಧಪಡಿಸಿಕೊಂಡಿದ್ದೆ. ಮುಂದೆ ಹೋಗಿ ಕೈಮುಗಿದು ಕೇಳಿದೆ: "ಅನೇಕ ವರ್ಷಗಳ ಹಿಂದೆ ಇಲ್ಲಿಂದ ಕಾಣೆಯಾದ ಯುವತಿಯೊಬ್ಬಳ ವಿಷಯವಾಗಿ ತಮಗೆ ಏನಾದರೂ ಸ್ಮರಣೆಯಿದೆಯೇ?"

ಅವರು ನನ್ನ ಕೈಚೀಲವನ್ನು ನೋಡಿ, "ನಂಗೆ ಏನೂ ಗೊತ್ಲೆ," ಎಂದು ಬಾಗಿಲು ಎಳೆದುಕೊಳ್ಳತೊಡಗಿದರು. ಯಾವುದೋ ಇಲಾಖೆಯವಳೆಂದು ತಿಳಿದಿರಬೇಕು.

ಹಿಂದಿನಿಂದ ಅತ್ತಿಗೆ ಅರೆಭಾಷೆಯಲ್ಲಿ ಏನೋ ಹೇಳಿದರು. ಯಾರ ಮನೆಯವಳು, ಯಾರ ಮೊಮ್ಮಗಳು ಎಂಬ ಮಾತೆಂದು ಊಹಿಸಿದೆ. ಬಾಗಿಲು ಮತ್ತೆ ತೆರೆಯಿತು. "ಅಯ್ಯೋ, ಮೇಷ್ಟ್ರ ಪುಳ್ಳಿನಾ? ಬನ್ನಿ, ಕುದ್ರಿ, ಕುದ್ರಿ." ನಾವು ಕುಳಿತೆವು. ಬೆಲ್ಲದ ಕಾಫಿ ಬಂತು. ಅವರಿಬ್ಬರ ನಡುವೆ ಮಾತು ಹೊಳೆಯಂತೆ ಹರಿಯಿತು. ಆಗಾಗ ಅತ್ತಿಗೆ ಮಾತು ನಿಲ್ಲಿಸಿ ನಮಗೆ ಕನ್ನಡದಲ್ಲಿ ಹೇಳುತ್ತಿದ್ದರು. ಸರ್ಕಾರಿ ಕೆಲಸಕ್ಕೆ ದುಭಾಷಿಯ ಮುಂದೆ ಕುಳಿತವರಂತೆ ನಾನೂ ಅಪ್ಪನೂ ಕಾಯುತ್ತಿದ್ದೆವು.

ಆಕೆಗೆ ಎಲ್ಲವೂ ನೆನಪಿತ್ತು. ಸುಳ್ಯದ ಕಡೆಯ ಒಬ್ಬ ಲಾರಿ ಕ್ಲೀನರ್ ಆಗ ದಿನವೂ ಚಹಾಕ್ಕೆ ಬರುತ್ತಿದ್ದನಂತೆ. ತೋಟದ ಹುಡುಗಿಗೂ ಅವನಿಗೂ ಮನಸ್ಸಾಗಿತ್ತು. ಅಂದು ಅವನು ಬಸ್ಸಿನಲ್ಲಿ ಬಂದು ಕರೆದಾಗ, ಹುಡುಗಿ ಗೂಡೆಯನ್ನು ಸೊಂಟಕ್ಕೇರಿಸಿಕೊಂಡು ಹತ್ತಿದಳು. ಹತ್ತುವ ಮುನ್ನ ಅಂಗಡಿಯ ಅಜ್ಜಿಯ ಕೈ ಹಿಡಿದು, "ಅಣ್ಣ ಬಂದ್ರೆ ನಾನು ಕೆಳಗಿನ ಬಸ್ಸಲ್ಲಿ ಹೋದೆ ಅಂತ ಹೇಳಿ, ಕೋಪ ಇಳಿದ ಮೇಲೆ ಬರಲಿ," ಎಂದಿದ್ದಳು. ಅಜ್ಜಿ ಹೇಳಿದ್ದರು, ತಪ್ಪದೆ ಹೇಳಿದ್ದರು.

"ಹೇಳಿದ್ಮೇಲೂ ಈ ಮನುಷ್ಯ ಗುಡ್ಡೆ ಹತ್ತಿ ಓಡಿದ್ರಂತೆ," ಎಂದು ಅತ್ತಿಗೆ ಅನುವಾದಿಸಿದರು. "ಇವರ ಅತ್ತೆ ಸಾಯೋವರೆಗೂ ಹೇಳ್ತಿದ್ರಂತೆ, ಕೆಳಗೆ ಹೋತ್ ಅಂದ್ರೆ ಮೇಲೆ ಓಡಿದ ಮರುಳ ಅಂತ."

ಅಪ್ಪ ತಲೆ ತಗ್ಗಿಸಿ, ನಗುವೂ ಅಲ್ಲದ ಅಳುವೂ ಅಲ್ಲದ ಸದ್ದು ಮಾಡಿದರು. "ಮರುಳನೇ ಕಣವ್ವ. ಸುಳ್ಳೇನಲ್ಲ."

ಆ ಕ್ಲೀನರನ ಮನೆತನ ಆಕೆಗೆ ಗೊತ್ತಿತ್ತು, ದಾರಿಯನ್ನೂ ಹೇಳಿದರು. ಅದೇ ದಿನ ಘಟ್ಟ ಇಳಿದೆವು. ಕಾರಿನಲ್ಲಿ ನಾನು ಬಾಯಿಬಿಟ್ಟೆ. ಇಷ್ಟು ಕಾಲವಾದ ಮೇಲೆ ಗುರುತು ಖಚಿತವಾಗಬೇಕಾದರೆ ಅಣ್ಣತಂಗಿಯರ ಡಿಎನ್‌ಎ ಹೋಲಿಸಿ ನೋಡುವುದು ಶಾಸ್ತ್ರೀಯ ಕ್ರಮ, ಪ್ರಯೋಗಾಲಯವನ್ನು ನಾನು ವಿಚಾರಿಸಿಟ್ಟಿದ್ದೇನೆ ಎಂದೆ. ಹೇಳುವಾಗ ನನ್ನ ದನಿ ನನಗೇ ಸ್ವಲ್ಪ ಜೋರೆನಿಸಿತು. ನನ್ನದೆನ್ನಲು ಅದೊಂದೇ ಉಳಿದಿತ್ತು.

"ಮಾಡ್ಸೋಣ," ಎಂದರು ಅತ್ತಿಗೆ, ಹಿಂದಿರುಗಿ ನೋಡದೆ.

ರಸ್ತೆಯ ಪಕ್ಕದ ಹೆಂಚಿನ ಮನೆಯ ಜಗಲಿಯಲ್ಲಿ ಒಬ್ಬ ಹೆಂಗಸು ತೊಡೆಯ ಮೇಲೆ ಮೊರವಿಟ್ಟುಕೊಂಡು ಬೀಡಿ ಕಟ್ಟುತ್ತಿದ್ದರು. ತಲೆಯೆತ್ತಿದರು. ಅಪ್ಪನ ಮೂಗು, ಅಪ್ಪನ ಹುಬ್ಬು. ಬಿಸಿಲಿಗೆ ಕಣ್ಣು ಕಿರಿದಾಗಿಸುವ ರೀತಿಯೂ ಅಪ್ಪನದೇ. ಅತ್ತಿಗೆ ನನ್ನ ಕಿವಿಯಲ್ಲಿ, "ಇನ್ನೂ ಲ್ಯಾಬ್ ಬೇಕಾ ಮೇಡಮ್ಮೋರೇ?" ಎಂದರು.

ಸೋದರತ್ತೆ ಎದ್ದು ನಿಲ್ಲಲಿಲ್ಲ. ಬೀಡಿಯ ಎಲೆಯನ್ನು ಸುರುಳಿ ಸುತ್ತುತ್ತಲೇ ಅಪ್ಪನನ್ನು ಅಡಿಯಿಂದ ಮುಡಿಯವರೆಗೆ ನೋಡಿದರು. ತುಳುವಿನ ರಾಗ ಹತ್ತಿದ್ದರೂ ಒಳಗೆ ನಮ್ಮ ಹಾಸನದ ಮಾತೇ ಇತ್ತು.

"ಏನಣ್ಣ, ಪಾತ್ರೆ ತಕ್ಕಂಡೋಗಕ್ಕೆ ಬಂದ್ಯಾ?"

"ಇಲ್ಲ ಕಣ್ ಪಾಪ. ನಿನ್ನ ನೋಡಕ್ಕೆ."

"ಇಷ್ಟ್ ಬೇಗ ಕೋಪ ಇಳೀತಾ ನಿಂಗೆ?"

"ಕೋಪ ಎಲ್ಲಿತ್ತವ್ವ. ಗೂಡೆ ಹೋಯ್ತು ಅಂದ್ರು. ನಾನು ಗೂಡೆ ಅಂದ್ಕಂಡೆ."

ಅವರಿಗೆ ಅರ್ಥವಾಗಲಿಲ್ಲ. ಅತ್ತಿಗೆ ಪಕ್ಕದಲ್ಲಿ ಕುಳಿತು ಬಿಡಿಸಿ ಹೇಳಿದರು, ಅರ್ಧ ತುಳುವಿನಲ್ಲಿ, ಅರ್ಧ ಕನ್ನಡದಲ್ಲಿ. ಕೇಳುತ್ತ ಕೇಳುತ್ತ ಸೋದರತ್ತೆಯ ಕೈ ನಿಂತಿತು. ಹೇಳಿ ಕಳಿಸಿಯೂ ಅಣ್ಣ ಬರಲಿಲ್ಲ, ಆದ್ದರಿಂದ ತನ್ನ ನಂಟನ್ನೇ ಕಡಿದುಹಾಕಿದ್ದಾನೆ ಎಂದು ಅವರು ಇಷ್ಟು ಕಾಲ ನಂಬಿದ್ದರು. ಮಕ್ಕಳು ಹುಟ್ಟಿದಾಗ ತವರಿಗೆ ತಿಳಿಸಲಿಲ್ಲ. ಗಂಡ ತೀರಿಕೊಂಡಾಗಲೂ ತಿಳಿಸಲಿಲ್ಲ. ಈಗ ಮೊರವನ್ನು ಬದಿಗೆ ಸರಿಸಿ ಅಪ್ಪನ ಎದೆಗೆ ಎರಡೂ ಕೈಯಿಂದ ಗುದ್ದಿದರು. "ಬುಟ್ಟಿ ಅಂದ್ರೂ ಬರ್ಬೇಕಿತ್ತಲ್ಲೋ! ಅದ್ರಲ್ಲಿ ಅವ್ವನ ಸೀರೆ ಇರ್ಲಿಲ್ವೇನೋ!" ಎಂದು ಅತ್ತರು. ಆಮೇಲೆ ಅತ್ತಿಗೆಯ ಭುಜಕ್ಕೆ ತಲೆಯಿಟ್ಟರು. ನಾನೂ ಹತ್ತಿರದಲ್ಲೇ ನಿಂತಿದ್ದೆ. ರಕ್ತಸಂಬಂಧವೆಂದು ನೋಡಿದರೆ ಆ ತಲೆ ನನ್ನ ಭುಜಕ್ಕೆ ಬರಬೇಕಿತ್ತು.

ಮರಳುವ ದಾರಿಯಲ್ಲಿ ಅಪ್ಪ ಒಂದೇ ಸಮನೆ ಮಾತನಾಡಿದರು, ಸೊಸೆಯೊಂದಿಗೆ. ನನ್ನ ಹತ್ತಿರ ಇಷ್ಟು ವರ್ಷಗಳಲ್ಲಿ ಹೇಳದಿದ್ದುದನ್ನೆಲ್ಲ ಹೇಳಿದರು. ತಂಗಿ ಚಿಕ್ಕವಳಿದ್ದಾಗ ಹೇಗೆ ಹಟ ಮಾಡುತ್ತಿದ್ದಳು, ಊರವರ ಮಾತು ಕೇಳಲಾರದೆ ತಾವು ಒಮ್ಮೆ ಹೊಲದ ಬಾವಿಯ ಕಟ್ಟೆಯ ಮೇಲೆ ಹೇಗೆ ಕುಳಿತಿದ್ದರು ಎಂಬುದನ್ನೆಲ್ಲ. ನಾನು ಅಪರಾಧಶಾಸ್ತ್ರ ಓದಿದ್ದು ಏಕೆಂದು ಅವರು ಎಂದೂ ಕೇಳಿರಲಿಲ್ಲ, ಅಂದೂ ಕೇಳಲಿಲ್ಲ.

ಉಪನ್ಯಾಸವನ್ನು ನಿಗದಿಯಾದಂತೆಯೇ ಕೊಟ್ಟೆ. ಚೆನ್ನಾಗಿತ್ತೆಂದರು. ಫ್ರಾನ್ಸಿನ ಆ ನ್ಯಾಯಾಧೀಶೆ ಮಾಜಿ ಪತ್ನಿಯನ್ನು ಮಾತನಾಡಿಸಿದ ಭಾಗಕ್ಕೆ ಬಂದಾಗ ನನ್ನ ಕಣ್ಣ ಮುಂದೆ ಬಂದದ್ದು ಪ್ಯಾರಿಸ್ಸಿನ ಬಳಿಯ ನ್ಯಾಯಾಲಯವಲ್ಲ. ಸಂಪಾಜೆಯ ಆ ಬಾಗಿಲು, ಬೆಲ್ಲದ ಕಾಫಿ, ನಮ್ಮ ಅತ್ತಿಗೆ. ಆ ಪುಟವನ್ನು ಬೇಗ ಬೇಗ ಓದಿ ತಿರುಗಿಸಿದೆ.

ಇನ್ನು ಮನೆಯಲ್ಲಿ ಆದ ಬದಲಾವಣೆಗಳನ್ನು ಇದ್ದಂತೆಯೇ ಹೇಳುತ್ತೇನೆ. ಸೋದರತ್ತೆ ದೀಪಾವಳಿಗೆ ಮಗ ಸೊಸೆಯೊಂದಿಗೆ ಬಂದು, ಊರಿನ ಬೀದಿಯಲ್ಲಿ ಅಪ್ಪನ ಜೊತೆ ಹಗಲು ಹೊತ್ತಿನಲ್ಲಿ ನಡೆದರು. ಅಷ್ಟಕ್ಕೆ ಊರಿನ ಬಾಯಿ ಮುಚ್ಚಿತು. ಯಾರೂ ಕ್ಷಮೆ ಕೇಳಲಿಲ್ಲ. ಶುಂಠಿ ಹೊಲಕ್ಕೆ ಹೆಂಗಸರು ಈಗ ಒಬ್ಬೊಬ್ಬರಾಗಿಯೂ ಬರುತ್ತಾರೆ. ಅಪ್ಪನಿಗೆ ನಿದ್ದೆ ಬರುತ್ತಿದೆಯೆಂದು ಅವ್ವ ಹೇಳುತ್ತಾರೆ. ತಿಂಗಳಿಗೊಮ್ಮೆ ಅವರು ತಂಗಿಯ ಮನೆಗೆ ಹೋಗಿ ಎರಡು ದಿನ ಇದ್ದು ಬರುತ್ತಾರೆ, ಕರೆದೊಯ್ಯುವವರು ಅತ್ತಿಗೆ. ಸೋದರತ್ತೆಯ ಫೋನು ಬರುವುದೂ ಅತ್ತಿಗೆಗೆ. ಅಣ್ಣ ಅತ್ತಿಗೆಗೆ ಹೆಣ್ಣುಮಗು ಹುಟ್ಟಿದೆ. ಅಪ್ಪ ಅದನ್ನು ಎತ್ತಿಕೊಂಡು ಅಂಗಳದಲ್ಲಿ ಓಡಾಡುತ್ತ "ಏ ಗೂಡೆ" ಎಂದು ಗಟ್ಟಿಯಾಗಿ ಕರೆಯುತ್ತಾರೆ. ನಾನೂ ಕರೆಯಲು ನೋಡಿದೆ. ನನ್ನ ಬಾಯಲ್ಲಿ ಅದು ಇನ್ನೂ ಬುಟ್ಟಿಯೇ.